ಕೀ ಕೊಟ್ಟವನ ಮಾತು

ಜನವರಿ ಬಂತೆಂದರೆ ನಮ್ಮ ಪದವಿಪೂರ್ವ ಕಾಲೇಜಿಗೆ ಸಂಚಾರ ಪೊಲೀಸ್ ಠಾಣೆಯಿಂದ ಒಂದು ಫೋನ್ ಬರುವುದು ವಾಡಿಕೆ. ಹಿಂದೆ ರಸ್ತೆ ಸುರಕ್ಷತಾ ಸಪ್ತಾಹವಾಗಿದ್ದ ಕಾರ್ಯಕ್ರಮ ಈಗ ಮಾಸಾಚರಣೆಯಾಗಿ ಬೆಳೆದಿದೆ. ಮಕ್ಕಳ ಜೊತೆ ಒಂದು ಗಂಟೆ ಮಾತನಾಡಬಹುದೇ ಎಂದು ಅವರು ಕೇಳುತ್ತಾರೆ, ಪ್ರಾಂಶುಪಾಲರು ಒಪ್ಪುತ್ತಾರೆ, ಕನ್ನಡ ಉಪನ್ಯಾಸಕನಾದ ತಪ್ಪಿಗೆ ಸ್ವಾಗತ ಭಾಷಣ ನನ್ನ ಪಾಲಿಗೆ ಬರುತ್ತದೆ. ಹನ್ನೊಂದು ವರ್ಷಗಳಿಂದ ನಾನು ಹೆಚ್ಚು ಕಡಿಮೆ ಅದೇ ಭಾಷಣವನ್ನು ಮಾಡುತ್ತ ಬಂದಿದ್ದೇನೆ ಎಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ, ಏಕೆಂದರೆ ಬಂದವರ ಭಾಷಣವೂ ಹೆಚ್ಚು ಕಡಿಮೆ ಅದೇ ಆಗಿರುತ್ತಿತ್ತು.

2024ರಲ್ಲಿ ಬಂದವರು ಬೇರೆ ರೀತಿಯವರು. ನಿವೃತ್ತಿಗೆ ಒಂದೆರಡು ವರ್ಷ ಉಳಿದಿದ್ದ ಆ ಎಎಸ್‌ಐ ವೇದಿಕೆಯ ಕುರ್ಚಿಯಲ್ಲಿ ಕುಳಿತುಕೊಳ್ಳಲೇ ಇಲ್ಲ. ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆಸಿ, ತಾವು ತಂದಿದ್ದ ಹಗ್ಗದ ಒಂದು ತುದಿಯನ್ನು ಹುಡುಗನೊಬ್ಬನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ಹಿಡಿದುಕೊಂಡು ಹಿಂದಕ್ಕೆ ನಡೆಯಲು ಮತ್ತೊಬ್ಬನಿಗೆ ಹೇಳಿದರು. ಹಗ್ಗ ಬಿಗಿಯಾದಾಗ ಅದರ ಉದ್ದ ಇಪ್ಪತ್ತೈದು ಮೀಟರ್ ಇತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್ ಸಾಗುತ್ತದೆ. ಎದುರಿಗೆ ದನ ಬಂದದ್ದನ್ನು ಕಣ್ಣು ಕಂಡು, ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡಾದರೂ ಕಳೆಯುತ್ತದೆ. "ಇವನಿಂದ ಅವನವರೆಗೆ ನೀವು ಬ್ರೇಕ್ ಮುಟ್ಟಿಯೇ ಇರುವುದಿಲ್ಲ. ಗಾಡಿ ನಿಲ್ಲುವ ಲೆಕ್ಕ ಅವನ ಹಿಂದಿನಿಂದ ಶುರುವಾಗುತ್ತದೆ" ಎಂದು ಅವರು ಹೇಳಿದಾಗ, ಭೌತಶಾಸ್ತ್ರದ ತರಗತಿಯಲ್ಲಿ ನಿದ್ದೆ ಮಾಡುವ ಹುಡುಗರೂ ಹಗ್ಗದ ಉದ್ದವನ್ನು ಕಣ್ಣಿನಿಂದ ಅಳೆಯುತ್ತಿದ್ದರು. ವಂದನಾರ್ಪಣೆಯಲ್ಲಿ ನಾನು ಆ ಹಗ್ಗವನ್ನು ಮನಸಾರೆ ಹೊಗಳಿದೆ.

ಅದಾಗಿ ಒಂದು ವಾರಕ್ಕೆ, ಶನಿವಾರದ ಸಂಜೆ, ಅಕ್ಕನ ಮನೆಯವರೆಲ್ಲ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಬಂದಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಕೊತ್ತಂಬರಿ ಇರಲಿಲ್ಲ, ರಾತ್ರಿಯ ಕಾಫಿಗೆ ಹಾಲೂ ಸಾಲದು ಎಂದಾಯಿತು. ಅಕ್ಕನ ಮಗ, ಆಗ ಪ್ರಥಮ ಪಿಯುಸಿಯಲ್ಲಿದ್ದ ಹದಿನಾರು ವರ್ಷದ ಹುಡುಗ, ತಾನೇ ಎದ್ದು "ಮಾವ, ಸ್ಕೂಟರ್ ಕೀ ಎಲ್ಲಿದೆ?" ಎಂದು ಕೇಳಿದ. ನಾನು ಪೇಪರಿನಿಂದ ತಲೆ ಎತ್ತದೆ "ಫ್ರಿಜ್ ಮೇಲೆ" ಎಂದೆ. ಆ ಎರಡು ಪದಗಳ ಬೆಲೆ ಇಪ್ಪತ್ತೈದು ಸಾವಿರ ರೂಪಾಯಿ ಎಂದು ಆಗ ನನಗೆ ತಿಳಿದಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ವಾರದ ಹಿಂದೆ ಮೈದಾನದಲ್ಲಿ ಅದನ್ನು ಕೇಳಿಸಿಕೊಂಡು, ಮೈಕ್ ಹಿಡಿದು ಮಕ್ಕಳಿಗೆ ಮತ್ತೊಮ್ಮೆ ಹೇಳಿದವನೇ ನಾನು.

ಅವನನ್ನು ಆಲ್ಕೊಳ ವೃತ್ತದಲ್ಲಿ ನಿಲ್ಲಿಸಿದರು. ಹೆಲ್ಮೆಟ್ ಇರಲಿಲ್ಲ. ಅರ್ಧ ದಾರಿಯಲ್ಲಿ ಸಿಕ್ಕ ಗೆಳೆಯ ಹಿಂದೆ ಕುಳಿತಿದ್ದ, ಅವನಿಗೂ ಇರಲಿಲ್ಲ. ನಾನು ಠಾಣೆಗೆ ಹೋದಾಗ ಮೇಜಿನ ಆಚೆ ಕುಳಿತಿದ್ದವರು ಅದೇ ಎಎಸ್‌ಐ. ಅವರು ಗದರಲಿಲ್ಲ. ನನ್ನನ್ನು ನೋಡಿ, ಗುರುತು ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂತ್ಕೊಳ್ಳಿ ಮೇಷ್ಟ್ರೇ, ಹೋದ ವಾರ ನೀವೇ ಅಲ್ವಾ ವಂದನಾರ್ಪಣೆ ಮಾಡಿದ್ದು?" ಎಂದರು. ಸೋದರಳಿಯ ಬೆಂಚಿನ ತುದಿಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಕುಳಿತಿದ್ದ. ಕೊತ್ತಂಬರಿ ಬಾಡಿತ್ತು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನನ್ನಂತೆ ಅರ್ಧ ಕೇಳಿಸಿಕೊಂಡವರು ಬಹಳ ಮಂದಿ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗ 199ಎ ಎಂಬ ಹೊಸ ಸೆಕ್ಷನ್ ಸೇರಿತು. ಅದರ ಪ್ರಕಾರ ಹದಿನೆಂಟು ತುಂಬದವರು ವಾಹನ ಓಡಿಸಿ ತಪ್ಪು ಮಾಡಿದರೆ, ಅವರ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರೆಂದೇ ನ್ಯಾಯಾಲಯ ಭಾವಿಸುತ್ತದೆ. ಅವರಿಗೆ ಇಪ್ಪತ್ತೈದು ಸಾವಿರ ರೂಪಾಯಿ ದಂಡವೂ ಮೂರು ವರ್ಷದವರೆಗಿನ ಜೈಲು ಶಿಕ್ಷೆಯೂ ಇದೆ; ವಾಹನದ ನೋಂದಣಿಯನ್ನು ಹನ್ನೆರಡು ತಿಂಗಳು ರದ್ದುಪಡಿಸಲಾಗುತ್ತದೆ; ಓಡಿಸಿದವನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಪಡೆಯುವ ಅರ್ಹತೆ ಇರುವುದಿಲ್ಲ. ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದಲ್ಲವೇ ಎಂದು ಈಗಲೂ ಕೇಳುವವರಿದ್ದಾರೆ. ಸಿಗುತ್ತದೆ, ಆದರೆ ಎಂಜಿನ್ 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ. ಹಳೆಯ ಮೊಪೆಡ್‌ಗಳ ಕಾಲದ ಆ ನಿಯಮ ಪುಸ್ತಕದಲ್ಲಿ ಉಳಿದಿದೆ. ನಮ್ಮ ಮನೆಗಳ ಮುಂದೆ ನಿಂತಿರುವ ಸ್ಕೂಟರ್‌ಗಳು ನೂರು ಸಿಸಿಯ ಮೇಲಿನವು.

ಆ ಸೆಕ್ಷನ್‌ನಲ್ಲಿ ತಪ್ಪಿಸಿಕೊಳ್ಳಲು ಒಂದು ಕಿಂಡಿಯೂ ಇದೆ. ತನಗೆ ಗೊತ್ತಿಲ್ಲದೆಯೇ ಅಪರಾಧ ನಡೆಯಿತು ಅಥವಾ ಅದನ್ನು ತಡೆಯಲು ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ಮಾಲೀಕ ಸಾಬೀತುಪಡಿಸಿದರೆ ಅವನಿಗೆ ಬಿಡುಗಡೆ. ವಕೀಲನಾಗಿರುವ ನನ್ನ ಹಳೆಯ ಸಹಪಾಠಿ ಇದನ್ನೇ ಎತ್ತಿ ತೋರಿಸಿ, "ಹುಡುಗ ಕೇಳದೆ ತಗೊಂಡು ಹೋದ ಅಂತ ಹೇಳಿಬಿಡು" ಎಂದ. ಅಕ್ಕನೂ ಹಾಗೆ ಹೇಳೆಂದಳು. ಒಂದು ರಾತ್ರಿಯೆಲ್ಲ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದೆ. ಹದಿನಾರರ ಹುಡುಗನನ್ನು ಕೀ ಕದ್ದವನನ್ನಾಗಿ ಮಾಡಿ ನಾನು ಪಾರಾಗಬೇಕಿತ್ತು. ಮಾರ್ಚ್‌ನಲ್ಲಿ ಸಮನ್ಸ್ ಬಂದ ದಿನ ನ್ಯಾಯಾಲಯಕ್ಕೆ ಹೋಗಿ ತಪ್ಪೊಪ್ಪಿಕೊಂಡೆ, ದಂಡ ಕಟ್ಟಿದೆ. ಅಂದು ನನ್ನ ಮುಂದೆ ಸಾಲಿನಲ್ಲಿ ನಿಂತಿದ್ದ, ಭದ್ರಾವತಿಯ ಕಡೆಯವರೆಂದು ಹೇಳಿದ ಅಡಿಕೆ ತೋಟದ ಯಜಮಾನರೊಬ್ಬರು ಮಗನಿಗೆ ಬೈಕ್ ಕೊಟ್ಟು ಅದೇ ಕಾರಣಕ್ಕೆ ಬಂದಿದ್ದರು. ನಮ್ಮ ಜಿಲ್ಲೆಯಲ್ಲಿ ಇಂಥ ದಂಡದ ಸುದ್ದಿ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ. ಅದನ್ನು ಓದುವಾಗ ಅವರು ಯಾರೋ ಬೇರೆಯವರು ಎಂದು ನನಗೂ ಅನಿಸುತ್ತಿತ್ತು.

ಅಂದಿನಿಂದ, ಯುವಕರು ಜಾಗ್ರತೆಯಿಂದ ವಾಹನ ಓಡಿಸುವಂತೆ ಮಾಡಲು ಪೊಲೀಸರು ಏನೇನು ಮಾಡುತ್ತಾರೆ, ಅದರಲ್ಲಿ ಯಾವುದು ನಾಟುತ್ತದೆ ಎಂಬುದನ್ನು ಗಮನಿಸುವುದು ನನಗೊಂದು ಚಟವಾಗಿದೆ. 2018ರಲ್ಲಿ ಬೆಂಗಳೂರಿನ ಹಲಸೂರು ಗೇಟ್ ಸಂಚಾರ ಪೊಲೀಸರು ಕಲಾವಿದರೊಬ್ಬರಿಗೆ ಯಮಧರ್ಮನ ವೇಷ ಹಾಕಿಸಿ, ಗದೆ ಹಿಡಿಸಿ, ಹೆಲ್ಮೆಟ್ ಇಲ್ಲದವರ ಎದುರು ನಿಲ್ಲಿಸಿದ್ದರು. ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂತು, ಆಮೇಲೆ ಹಲವು ಊರುಗಳ ಮಾಸಾಚರಣೆಗಳಲ್ಲಿ ಯಮ ಕಾಣಿಸಿಕೊಂಡ. ಯಕ್ಷಗಾನ ನೋಡಿ ಬೆಳೆದ ನನಗೆ ಆ ವೇಷ ಇಷ್ಟವೇ, ಆದರೆ ಯಮನನ್ನು ಕಂಡು ಹೆದರುವ ವಯಸ್ಸು ನನ್ನದೇ ಹೊರತು ನನ್ನ ವಿದ್ಯಾರ್ಥಿಗಳದಲ್ಲ. ಹದಿನೆಂಟರ ಹುಡುಗ ಯಮನ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಾನೆ. ನಿಯಮ ಮುರಿದವರಿಗೆ ಗುಲಾಬಿ ಹೂವು ಕೊಡುವ ಗಾಂಧಿಗಿರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಕರ್ಕಶ ಶಬ್ದ ಮಾಡುವ ಸೈಲೆನ್ಸರ್‌ಗಳನ್ನು ಕಿತ್ತು ರಸ್ತೆಯ ಮೇಲೆ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವುದು ಇನ್ನೊಂದು ದೃಶ್ಯ. ರಾಜ್ಯದ ಹಲವು ಊರುಗಳಲ್ಲಿ ಇದು ನಡೆದಿದೆ. ಇದು ಯಮನಿಗಿಂತ ಹೆಚ್ಚು ನಾಟುತ್ತದೆ ಎಂಬುದು ನನ್ನ ಅಂದಾಜು, ಏಕೆಂದರೆ ಹುಡುಗರು ಕೈಖರ್ಚಿನ ಹಣ ಉಳಿಸಿ, ಸಾಲ ಮಾಡಿ, ಎರಡು ಮೂರು ತಿಂಗಳು ಕಾದು ಹಾಕಿಸಿಕೊಂಡ ವಸ್ತು ಅದು. ಅದು ಅಪ್ಪಚ್ಚಿಯಾಗುವುದನ್ನು ನೋಡಿದವನ ನೋವು ನಿಜವಾದದ್ದು. ಹೆಲ್ಮೆಟ್ ಇಲ್ಲದ್ದಕ್ಕೆ ನಮ್ಮ ರಾಜ್ಯದಲ್ಲಿರುವ ಐನೂರು ರೂಪಾಯಿ ದಂಡವನ್ನು ಹುಡುಗರು ಪೆಟ್ರೋಲ್ ಖರ್ಚಿನಂತೆ ಲೆಕ್ಕ ಹಾಕುತ್ತಾರೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತು ಕಟ್ಟಿದರು, 2025ರಲ್ಲಿ ರಿಯಾಯಿತಿ ಮತ್ತೆ ಬಂತು. ಕಾದರೆ ಕಡಿಮೆಯಾಗುತ್ತದೆ ಎಂದು ಗೊತ್ತಾದ ಮೇಲೆ ದಂಡಕ್ಕೆ ಯಾರು ಅಂಜುತ್ತಾರೆ? ಬಾಕಿ ವಸೂಲಾಗಲಿ ಎಂಬ ಸರ್ಕಾರದ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಅದು ಕಲಿಸುವ ಪಾಠ ಬೇರೆಯೇ.

ವ್ಹೀಲಿಯ ವಿಷಯ ಹಾಗಲ್ಲ, ಅಲ್ಲಿ ಅಂಜಿಕೆಯೇ ಆಕರ್ಷಣೆ. ಒಂದು ಚಕ್ರ ಎತ್ತುವವನಿಗೆ ಬೀಳಬಹುದೆಂದು ಗೊತ್ತು. ಬೀಳಬಹುದಾದ್ದರಿಂದಲೇ ಅವನು ಎತ್ತುತ್ತಾನೆ, ಗೆಳೆಯ ವಿಡಿಯೊ ಮಾಡುತ್ತಾನೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರು–ತುಮಕೂರು ಹೆದ್ದಾರಿಯ ನೆಲಮಂಗಲದ ಬಳಿ, ಹೀಗೆ ಸಾಹಸ ಮಾಡುತ್ತಿದ್ದ ಹುಡುಗರ ಮೇಲೆ ರೊಚ್ಚಿಗೆದ್ದ ಪ್ರಯಾಣಿಕರು ಎರಡು ಸ್ಕೂಟರ್‌ಗಳನ್ನು ಎತ್ತಿ ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. ಆ ವಿಡಿಯೊ ನೋಡಿ ನಮ್ಮ ಸ್ಟಾಫ್ ರೂಮಿನಲ್ಲಿ ಚಪ್ಪಾಳೆ ತಟ್ಟಿದವರಿದ್ದರು. ನನಗೆ ಮಾತ್ರ ಆ ಸ್ಕೂಟರ್ ಕೆಳಗೆ ಹೋಗುತ್ತಿದ್ದವರ ಮೇಲೆ ಬಿದ್ದಿದ್ದರೆ ಎಂಬ ಯೋಚನೆ ಬಂತು. ಜನ ಆ ಮಟ್ಟಕ್ಕೆ ಹೋಗಲು ಕಾನೂನಿನ ಮೆತ್ತಗಿನ ಕೈಯೂ ಕಾರಣವೆನ್ನಬೇಕು: ವ್ಹೀಲಿ ಮಾಡಿದವನ ಮೇಲೆ ಸಾಮಾನ್ಯವಾಗಿ ಅಜಾಗರೂಕ ಚಾಲನೆಯ ಸೆಕ್ಷನ್‌ಗಳಡಿ ಪ್ರಕರಣ ದಾಖಲಾಗುತ್ತದೆ, ಅವು ಜಾಮೀನು ಸಿಗುವಂಥವು, ಸಂಜೆಗೆ ಅವನು ಮನೆಯಲ್ಲಿರುತ್ತಾನೆ. 2025ರ ಮೇ ತಿಂಗಳಲ್ಲಿ ಗಂಗಾವತಿಯ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿದ ಕರ್ನಾಟಕ ಹೈಕೋರ್ಟ್, ಈ ಹಾವಳಿಯನ್ನು ಹತ್ತಿಕ್ಕಲು ಈಗಿರುವ ಕಾನೂನು ಸಾಲದು, ಸರ್ಕಾರ ಕಠಿಣ ನಿಯಮ ತರಬೇಕು ಎಂದದ್ದು ಈ ಕಾರಣಕ್ಕೇ.

ನಾನು ಕೋರ್ಟಿನಿಂದ ಬಂದ ಎರಡೇ ತಿಂಗಳಿಗೆ ಪುಣೆಯ ಸುದ್ದಿ ಬಂದಿತ್ತು. 2024ರ ಮೇ 19ರ ನಸುಕಿನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ, ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಬಾಲನ್ಯಾಯ ಮಂಡಳಿ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟು, ಅಪಘಾತಗಳ ಬಗ್ಗೆ ಮುನ್ನೂರು ಪದಗಳ ಪ್ರಬಂಧ ಬರೆಯಲು ಹೇಳಿತು. ದೇಶವೆಲ್ಲ ಕೆರಳಿತು, ಮಂಡಳಿ ತನ್ನ ಆದೇಶವನ್ನು ಬದಲಿಸಬೇಕಾಯಿತು. ನನ್ನ ವೃತ್ತಿಯೇ ಮಕ್ಕಳಿಂದ ಪ್ರಬಂಧ ಬರೆಸುವುದು. ಅಪಘಾತ ತಡೆಯುವ ಬಗೆಯ ಮೇಲೆ ಹತ್ತಕ್ಕೆ ಒಂಬತ್ತು ಅಂಕ ಪಡೆದ ಹುಡುಗ ಸಂಜೆ ಮೂವರನ್ನು ಕೂರಿಸಿಕೊಂಡು ಹೋಗುವುದನ್ನು ಕಣ್ಣಾರೆ ಕಂಡವನು ನಾನು. ಪ್ರಬಂಧದ ಶಕ್ತಿ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು: ವೃತ್ತದಲ್ಲಿ ನಿಂತ ಪೊಲೀಸ್ ಹುಡುಗನೊಂದಿಗೆ ಮಾತನಾಡುತ್ತಾನೆ, ಆದರೆ ಅಪಘಾತದ ತೀರ್ಮಾನವಾಗುವುದು ವೃತ್ತದಲ್ಲಲ್ಲ, ಮನೆಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ಬಂದರೆ ಬೈಕ್ ಎಂದು ಮಾತು ಕೊಡುವವರು ನಾವು. ಆಯುಧಪೂಜೆಯ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಟ್ಯಾಂಕಿಗೆ ಕುಂಕುಮ ಹಚ್ಚಿ, ಮೀಸೆ ಚಿಗುರದ ಮಗನನ್ನು ಮೇಲೆ ಕೂರಿಸಿ ಫೋಟೊ ಹಿಡಿಯುವವರು ನಾವು. 199ಎ ಸೆಕ್ಷನ್ ಆ ಮನೆಯ ಬಾಗಿಲು ತಟ್ಟುತ್ತದೆ. ಪೊಲೀಸರು ಮಾಡುವ ಎಲ್ಲ ಕೆಲಸಗಳಲ್ಲಿ ಅಪ್ಪನನ್ನೋ ಮಾವನನ್ನೋ ಠಾಣೆಯ ಬೆಂಚಿನ ಮೇಲೆ ಕೂರಿಸುವ ಈ ಒಂದು ಕೆಲಸ ನಿಜವಾಗಿ ನಾಟುತ್ತದೆ ಎಂದು, ಆ ಬೆಂಚಿನ ಮೇಲೆ ಕುಳಿತವನಾಗಿ ಹೇಳಬಲ್ಲೆ. ಅಂದಿನಿಂದ ನಮ್ಮ ಕೇರಿಯಲ್ಲಿ ಕನಿಷ್ಠ ನಾಲ್ಕು ಮನೆಗಳಲ್ಲಿ ಕೀ ಅಲಮಾರಿಯೊಳಗೆ ಸೇರಿದೆ. ನನ್ನ ಕಥೆ ನನಗಿಂತ ಬೇಗ ಕೇರಿಯನ್ನು ಸುತ್ತಿತ್ತು.

ಹಾಗೆಂದು ಎಲ್ಲ ಹೊರೆಯನ್ನೂ ಮನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ನನ್ನ ತರಗತಿಯ ಕಾಲು ಭಾಗದ ಮಕ್ಕಳು ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಗಳಿಂದ ಬರುತ್ತಾರೆ. ಬೆಳಿಗ್ಗೆಯ ಬಸ್ಸು ತಪ್ಪಿದರೆ ಮುಂದಿನದು ಮೊದಲ ಎರಡು ಪೀರಿಯಡ್ ಮುಗಿದ ಮೇಲೆ. ಅಂಥ ಮನೆಯ ತಂದೆ ಮಗನಿಗೆ ಬೈಕ್ ಕೊಡುವುದು ಶೋಕಿಗಲ್ಲ, ಹಾಜರಾತಿಗೆ. ಬಸ್ಸು ಓಡಿಸುವುದು ಪೊಲೀಸರ ಕೈಯಲ್ಲಿಲ್ಲ, ಆದರೆ ಯಾವ ಊರಿನ ಹುಡುಗರು ಹೆಚ್ಚು ಸಿಕ್ಕಿಬೀಳುತ್ತಾರೆ ಎಂಬ ಪಟ್ಟಿ ಅವರ ಬಳಿ ಇದೆ. ಅದನ್ನು ಸಾರಿಗೆ ಡಿಪೊ ಮ್ಯಾನೇಜರ ಮೇಜಿನ ಮೇಲೆ ಯಾರಾದರೂ ಇಟ್ಟರೆ ಅದೂ ರಸ್ತೆ ಸುರಕ್ಷತೆಯ ಕೆಲಸವೇ ಆಗುತ್ತದೆ.

ಪೊಲೀಸರಿಗೆ ಹೊಸ ತಲೆನೋವು ತಂದಿರುವುದು ಸಣ್ಣ ಎಲೆಕ್ಟ್ರಿಕ್ ಸ್ಕೂಟರ್‌ಗಳು. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಅದು ಕಾನೂನಿನ ಕಣ್ಣಲ್ಲಿ ಮೋಟಾರು ವಾಹನವೇ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ, ನೋಂದಣಿ ಬೇಡ. ಎಂಟನೇ ತರಗತಿಯ ಮಕ್ಕಳು ಇದರಲ್ಲಿ ಟ್ಯೂಷನ್‌ಗೆ ಹೋಗುತ್ತಾರೆ. ವೇಗದ ಮಿತಿಯ ತಂತಿಯನ್ನು ತಪ್ಪಿಸಿ ನಲವತ್ತು ದಾಟಿಸುವುದನ್ನು ಅವರು ಹೇಗೋ ಕಲಿತಿರುತ್ತಾರೆ, ಅದನ್ನು ವೃತ್ತದಲ್ಲಿ ನಿಂತ ಕಾನ್‌ಸ್ಟೆಬಲ್ ನೋಡಿದ ಮಾತ್ರಕ್ಕೆ ಕಂಡುಹಿಡಿಯುವುದು ಹೇಗೆ?

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದವರು. ಹೆಲ್ಮೆಟ್ ಧರಿಸದೆ ಸತ್ತವರೇ ಐವತ್ತು ಸಾವಿರಕ್ಕೂ ಹೆಚ್ಚು. ಕರ್ನಾಟಕದ ಪಾಲು ಹನ್ನೊಂದು ಸಾವಿರವನ್ನು ದಾಟಿತ್ತು. ಹತ್ತು ಸಾವುಗಳಲ್ಲಿ ಏಳಕ್ಕೆ ಅತಿವೇಗ ಕಾರಣ ಎಂದೂ ಅದೇ ವರದಿ ಹೇಳುತ್ತದೆ. 2024ರ ಆಗಸ್ಟ್‌ನಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ಹಾಕಲು ಪೊಲೀಸರು ತೊಡಗಿದ್ದು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಕೂರಿಸಿದ್ದು ಈ ಕಾರಣಕ್ಕೆ. ಕ್ಯಾಮೆರಾಕ್ಕೆ ಮುಖದಾಕ್ಷಿಣ್ಯವಿಲ್ಲ, ಮೇಷ್ಟ್ರ ಅಳಿಯ ಎಂದು ಅದು ಬಿಡುವುದಿಲ್ಲ. ಆದರೆ ಆಲ್ಕೊಳದಿಂದ ಒಳಗೆ ತಿರುಗುವ ಕೇರಿಗಳಲ್ಲಿ ಕ್ಯಾಮೆರಾ ಇಲ್ಲ.

ಒಂದು ವಿಷಯದಲ್ಲಿ ನನಗೆ ಕಾನೂನಿನ ಜೊತೆ ತಕರಾರಿದೆ. ಇಪ್ಪತ್ತೈದರವರೆಗೆ ಲೈಸೆನ್ಸ್ ಇಲ್ಲ ಎಂಬ ನಿಯಮ, ಹಾಲು ತರಲು ಹೋದವನಿಗೂ ಜನರನ್ನು ಕೊಂದವನಿಗೂ ಒಂದೇ ಅಳತೆಯ ಅಂಗಿ ಹೊಲಿಸಿದಂತಿದೆ. ಡಿಪ್ಲೊಮಾ ಮುಗಿಸಿ ಇಪ್ಪತ್ತೊಂದಕ್ಕೆ ಕೆಲಸಕ್ಕೆ ಸೇರುವ ಹುಡುಗ ಇನ್ನೂ ನಾಲ್ಕು ವರ್ಷ ಬೈಕ್ ಮುಟ್ಟದೆ ಇರುತ್ತಾನೆಂದು ನಂಬುವುದು ಕಷ್ಟ. ಅವನು ಲೈಸೆನ್ಸ್ ಇಲ್ಲದೆ, ವಿಮೆಯ ಆಸರೆಯೂ ಇಲ್ಲದೆ ಓಡಿಸುತ್ತಾನೆ. ನ್ಯೂಜಿಲೆಂಡ್ 1987ರಲ್ಲೇ ಜಾರಿಗೆ ತಂದ ಪದ್ಧತಿಯಲ್ಲಿ ಹೊಸಬನಿಗೆ ಮೆಟ್ಟಿಲು ಮೆಟ್ಟಿಲಾಗಿ ಅನುಮತಿ ಸಿಗುತ್ತದೆ: ಮೊದಲು ಅನುಭವಿಯ ಜೊತೆಗೆ ಮಾತ್ರ, ಆಮೇಲೆ ಒಂಟಿಯಾಗಿ, ಆದರೆ ರಾತ್ರಿ ಹತ್ತರ ನಂತರ ಬೇಡ, ಗೆಳೆಯರನ್ನು ಕೂರಿಸಿಕೊಳ್ಳುವುದು ಬೇಡ. ಗೆಳೆಯ ಹಿಂದೆ ಕುಳಿತಾಗ ಹುಡುಗನ ಕೈ ಆಕ್ಸಿಲರೇಟರನ್ನು ಹೆಚ್ಚು ತಿರುವುತ್ತದೆ ಎಂಬುದು ನಮಗೂ ಗೊತ್ತಿರುವ ಸತ್ಯವೇ. ಇಲ್ಲಿ ಆರ್‌ಟಿಒ ಮೈದಾನದಲ್ಲಿ ಕಾಲೂರದೆ ಎಂಟು ಹಾಕಿದರೆ, ಮರುದಿನವೇ ಮೂವರು ಕುಳಿತುಕೊಂಡು ಆಗುಂಬೆ ಘಾಟಿಗೆ ಹೊರಡುತ್ತಾರೆ.

ಈ ಜನವರಿಯಲ್ಲಿ ಆ ಎಎಸ್‌ಐ ಮತ್ತೆ ಬಂದರು, ಹಗ್ಗವನ್ನೂ ತಂದಿದ್ದರು. ಕಾರ್ಯಕ್ರಮಕ್ಕೆ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, ಸ್ವಾಗತ ಭಾಷಣದ ಬದಲು ಕೋರ್ಟಿನ ಕಥೆ ಹೇಳುತ್ತೀರಾ ಮೇಷ್ಟ್ರೇ ಎಂದು ಕೇಳಿದರು. ಹೇಳಿದೆ. ಕೊತ್ತಂಬರಿಯ ಮಾತಿಗೆ ಮಕ್ಕಳು ನಕ್ಕರು, ಇಪ್ಪತ್ತೈದು ಸಾವಿರ ಎಂದಾಗ ಹುಬ್ಬೇರಿಸಿದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ದುಡ್ಡು ಕಟ್ಟಿದ್ದು ನೀವು. ಅವನಿಗೆ ಏನಾಯ್ತು?" ಎಂದು ಕೇಳಿದ. ಕಳೆದ ವರ್ಷ ಅವನಿಗೆ ಹದಿನೆಂಟು ತುಂಬಿತು, ಗೆಳೆಯರೆಲ್ಲ ಎಲ್‌ಎಲ್‌ಆರ್ ಮಾಡಿಸಿದರು, ಅವನು ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾನೆ, ಇನ್ನು ಆರೂವರೆ ವರ್ಷ ಹಾಗೆಯೇ ಹೋಗಬೇಕು ಎಂದೆ. ನಾನು ತಕರಾರು ಎತ್ತಿದ ಆ ನಿಯಮಕ್ಕೇ ಹಿಂದಿನ ಸಾಲು ಮೊದಲ ಬಾರಿಗೆ ಪೂರ್ತಿ ಮೌನವಾಯಿತು.

ನಮ್ಮ ಕಾಲೇಜಿನ ಆವರಣಕ್ಕೆ ವಿದ್ಯಾರ್ಥಿಗಳು ವಾಹನ ತರುವಂತಿಲ್ಲ. ಹಾಗಾಗಿ ಹಿಂದಿನ ಓಣಿಯಲ್ಲಿ, ಚಹಾದ ಅಂಗಡಿಯ ಪಕ್ಕದ ಖಾಲಿ ಸೈಟಿನಲ್ಲಿ ಅವರು ಗಾಡಿ ನಿಲ್ಲಿಸುತ್ತಾರೆ. ಇದು ನಮಗೂ ಗೊತ್ತು, ಅವರ ತಂದೆ ತಾಯಿಗೂ ಗೊತ್ತು. ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಆ ಕಡೆಯಿಂದ ನಡೆದು ಬಂದಾಗ ಸೈಟಿನಲ್ಲಿ ಎಂದಿನ ಅರ್ಧದಷ್ಟೂ ಗಾಡಿಗಳಿರಲಿಲ್ಲ. ಫೆಬ್ರವರಿ ಮೊದಲ ವಾರಕ್ಕೆ ಮತ್ತೆ ತುಂಬಿತು. ಆದರೆ ಈ ಸಲ ಒಂದಷ್ಟು ಕನ್ನಡಿಗಳಿಗೆ ಹೆಲ್ಮೆಟ್ ನೇತು ಹಾಕಿದ್ದರು, ಅದರಲ್ಲಿ ಕೆಲವು ಹಾಫ್ ಹೆಲ್ಮೆಟ್. ಚಹಾದ ಅಂಗಡಿಯವನು ನನ್ನನ್ನು ನೋಡಿ, "ಪೊಲೀಸರು ಮತ್ತೆ ಯಾವಾಗ ಬರ್ತಾರೆ ಸಾರ್?" ಎಂದು ಕೇಳಿದ. ಅವನ ವ್ಯಾಪಾರ ಆ ದಿನಗಳಲ್ಲಿ ಬಿದ್ದುಹೋಗಿತ್ತಂತೆ.